ಎರಡು ಕರಿಮಣಿ

"ಅವಳಿಗೆ ಕಣ್ಣು ಕೊಡಬೇಡ. ಮಗುವನ್ನು ಕಂಡರೆ ಬಿಡುವವಳಲ್ಲ," ಎಂದಳು ಗ್ರೀಕ್ ಮುದುಕಿ ಎಲೆನಿ, ಗೋಡೆಯ ಚಿತ್ರದತ್ತ ಬೆರಳು ಮಾಡಿ.

ಕರುಣಾಕರ ನಕ್ಕುಬಿಟ್ಟ. ೧೯೮೬ರ ಚಳಿಗಾಲವದು. ಕಡಲಾಚೆಯ ಬೆಲ್‌ರೋಸ್ ಪೇಟೆಯಲ್ಲಿದ್ದ ಅವಳ ಹೋಟೆಲನ್ನು ಕೊಂಡು, ಉಡುಪಿ ಊಟದ ಹೋಟೆಲ್ ಮಾಡಲು ಹೊರಟಿದ್ದ. ಹಿಂಗೋಡೆಯ ಮೇಲೆ, ಎಲೆನಿಯ ಮಾವ ಹಡಗಿನಲ್ಲಿ ತಂದ ಪುರಾತನ ಮೊಸಾಯಿಕ್ ಇತ್ತು. ಬಣ್ಣದ ಕಲ್ಲುಚೂರುಗಳಲ್ಲಿ ಮೂಡಿದ ನಿಯೋಬೆ. ಮಕ್ಕಳ ಬಗ್ಗೆ ಜಂಬಪಟ್ಟು, ದೇವತೆಗಳ ಸಿಟ್ಟಿಗೆ ಅಷ್ಟೂ ಮಕ್ಕಳನ್ನು ಕಳೆದುಕೊಂಡು, ಅತ್ತತ್ತು ಕಲ್ಲಾದ ತಾಯಿ. ಅವಳ ಕಾಲಬುಡದಲ್ಲಿ ಬಾಣ ನಟ್ಟ ಮಕ್ಕಳು. ಕಣ್ಣಿರಬೇಕಾದಲ್ಲಿ ಎರಡು ಕುಳಿ. ತನ್ನ ಹಸುಗೂಸು ಸತ್ತ ದಿನ ಎಲೆನಿಯ ಅತ್ತೆಯೇ ಆ ಕಣ್ಣುಗಳನ್ನು ಉಳಿಯಿಂದ ಕಿತ್ತಿದ್ದಳಂತೆ.

ಹೆಂಡತಿ ಸರೋಜಿನಿಯ ಕರಿಮಣಿ ಸರ ಆ ವಾರವಷ್ಟೇ ಹರಿದಿತ್ತು. ಅದರಿಂದ ಎರಡು ಮಣಿ ತೆಗೆದು ಕರುಣಾಕರ ಏಣಿ ಹತ್ತಿದ.

"ಅದು ನನ್ನ ಕುತ್ತಿಗೆಯಲ್ಲಿ ಇದ್ದದ್ದು ಮಾರಾಯ್ರೆ. ಬೇಡ."

"ಎಂತ ಆಗುದಿಲ್ಲ, ಸುಮ್ನಿರು. ಕುರುಡಿಯನ್ನು ನೋಡಿಕೊಂಡು ಯಾರು ಊಟ ಮಾಡ್ತಾರೆ?"

ಅಂಟು ಒಣಗುವ ಮೊದಲೇ ಕೋಣೆಯಲ್ಲಿ ಹಸಿ ಸುಣ್ಣದ ವಾಸನೆ ಎದ್ದಿತು. ಅದರಡಿಯಲ್ಲಿ ಹಳಸಿದ ನೆತ್ತರಿನ ವಾಸನೆ.

ಮರುದಿನ ಮಧ್ಯಾಹ್ನ ಹಿಮಗಾಳಿ ಬೀಸಿ ಕರೆಂಟು ಹೋಯಿತು. ಕಿಟಕಿಗಳು ಹಿಮ ಮೆತ್ತಿ ಕುರುಡಾದವು. ಆ ಮಬ್ಬಿನಲ್ಲಿ ಪುಟ್ಟ ಮಗಳು ಕಲಾ ನಿಯೋಬೆಯ ಗೋಡೆಗೆ ಕೆನ್ನೆಯೊತ್ತಿ ನಿಂತಿದ್ದಳು.

"ಅಪ್ಪಾ, ಶಿ ಈಸ್ ಕ್ರೈಯಿಂಗ್. ಶಿ ವಾಂಟ್ಸ್ ಮಿ."

ಕರುಣಾಕರ ಅವಳನ್ನು ಎಳೆದ. ಮಗು ಬರಲಿಲ್ಲ. ಪಾದ ತಣ್ಣಗೆ. ಮೊಣಕಾಲು ತಣ್ಣಗೆ. ಚರ್ಮವಲ್ಲ, ಕಲ್ಲು. ಗೋಡೆಯೊಳಗೆ ಯಾರೋ ಬಿಕ್ಕುವ ಸದ್ದು. ಕಲ್ಲು ಸೊಂಟಕ್ಕೇರಿತು. ಎದೆಗೇರಿತು. ಮಗುವಿನ ಉಸಿರು ಕುಗ್ಗಿತು.

ಅಡುಗೆಯ ಚೂರಿ ಹಿಡಿದು ಅವನು ಏಣಿ ಹತ್ತಿದ. ಮೊನೆಯನ್ನು ಮಣಿಯ ಬುಡಕ್ಕೆ ಚುಚ್ಚಿದ.

ಕೆಳಗೆ ಓಡಿಬಂದಿದ್ದ ಸರೋಜಿನಿ ಮುಖ ಮುಚ್ಚಿಕೊಂಡು ಚೀರಿದಳು. ಬೆರಳ ಸಂದಿಯಿಂದ ನೆತ್ತರು.

ಅವನ ಕೈ ನಿಂತಿತು. ಇವಳದೇ ಮಣಿ. ಇವಳದೇ ಕಣ್ಣು.

"ನಿಲ್ಲಿಸಬೇಡಿ," ಎಂದಳು ಅವಳು. ಗೋಡೆ ಹಿಡಿದುಕೊಂಡು ನೆಟ್ಟಗೆ ನಿಂತಳು. "ಮಗು ಉಳಿಯಲಿ. ಕೀಳಿ."

"ಸರೋಜಾ..."

"ಕೀಳಿ ಅಂದ್ರೆ!"

ಕಿತ್ತ. ಒಂದು. ಮತ್ತೊಂದು.

ಬಿಕ್ಕುವ ಸದ್ದು ನಿಂತುಹೋಯಿತು. ಮಗುವಿನ ಮೈಯಿಂದ ಕಲ್ಲು ಇಳಿಯಿತು. ಕಲಾ ಉಸಿರೆಳೆದು ದೊಪ್ಪನೆ ನೆಲಕ್ಕೆ ಬಿದ್ದಳು, ಅಮ್ಮಾ ಎಂದು ಜೋರಾಗಿ ಅತ್ತಳು. ಸರೋಜಿನಿ ಸದ್ದು ಬಂದತ್ತ ತೆವಳಿಕೊಂಡು ಹೋಗಿ, ತಡಕಾಡಿ, ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಆ ಕೆನ್ನೆ, ಆ ಮೂಗು, ಆ ತುಟಿ, ಎಲ್ಲವನ್ನೂ ಬೆರಳಿಂದ ಸವರಿದಳು.

"ಇವಳ ಮುಖ ಹೇಗುಂಟು?" ಎಂದು ಕೇಳಿದಳು. "ಹೇಳಿ ಮಾರಾಯ್ರೆ. ಬಣ್ಣ ಬಂತಾ?"

ಕರುಣಾಕರ ಎರಡೂ ಕರಿಮಣಿಗಳನ್ನು ಮುಷ್ಟಿಯಲ್ಲಿ ಹಿಡಿದು ಏಣಿಯಿಂದ ಇಳಿದು, ಅವಳ ಕಿವಿಯ ಬಳಿ ಬಗ್ಗಿ, "ಬಂತು. ಕೆನ್ನೆ ಕೆಂಪಗೆ ಉಂಟು," ಎಂದ.