ಮೌನದ ದಿನ ಮುಚ್ಚಿದ ಜಾಲತಾಣ

ಮಾರ್ಚ್ 9, ಸೋಮವಾರ ಬೆಳಿಗ್ಗೆ ಸುರಬಾಯ ನಗರದ ಸೈಬರ್ ಠಾಣೆಗೆ ದೂರು ಬಂತು. ದೂರುದಾರ ಹಾರ್ತೊನೊ, ‘ಲಿಂತಾಂಗ್’ ಎಂಬ ದೂರದರ್ಶಕ ತಯಾರಿಸುವ ಸಣ್ಣ ಕಂಪನಿಯ ವ್ಯವಸ್ಥಾಪಕ.

“ನಮ್ಮ ಹೆಸರಲ್ಲಿ ಯಾರೋ ಜಾಲತಾಣ ನಡೆಸ್ತಿದಾರೆ ಸಾರ್. ವಿಳಾಸದಲ್ಲೇ ಲಿಂತಾಂಗ್ ಅಂತಿದೆ. ಜನ ನಮ್ಮದೇ ಅಂದ್ಕೊಂಡು ‘ಕೊಳ್ಳಿ’ ಅನ್ನೋ ಗುಂಡಿ ಒತ್ತುತಾರೆ, ಅದು ಬೇರೆ ಅಂಗಡಿಗೆ ಒಯ್ಯುತ್ತೆ. ಮಾರಾಟ ಆದಾಗೆಲ್ಲ ಇವರಿಗೆ ಕಮಿಷನ್.”

“ಆ ಅಂಗಡಿ ಮಾಲು ಹೇಗಿದೆ?” ಇನ್ಸ್‌ಪೆಕ್ಟರ್ ಸುಬಗ್ಯೊ ಕೇಳಿದರು.

“ಮಸುಕು ಗಾಜು. ಅದರಲ್ಲಿ ಚಂದ್ರ ಬೇಯಿಸಿದ ಗೆಣಸಿನ ಥರ ಕಾಣ್ತಾನೆ. ಬೈಗುಳ ಮಾತ್ರ ನಮಗೆ. ನಮ್ಮಲ್ಲಿ ಗಾಜು ಉಜ್ಜೋ ಹೆಂಗಸರಿಗೆ ಈಗ ಅರ್ಧ ದಿನದ ಕೆಲಸ. ಹೀಗೇ ಆದ್ರೆ ಬಾಗಿಲು ಹಾಕಬೇಕು.”

ಎಫ್‌ಐಆರ್ ದಾಖಲಾಯಿತು. ತಾಣದ ನೋಂದಣಿಯಲ್ಲಿ ಮಾಲೀಕರ ವಿವರ ಮರೆಮಾಡಿತ್ತು. ಕಮಿಷನ್ ಖಾತೆಗೆ ಕೊಟ್ಟಿದ್ದ ಜಕಾರ್ತದ ವಿಳಾಸವೂ ಸುಳ್ಳು, ಅಲ್ಲಿ ಒಂದು ಬಟ್ಟೆ ಒಗೆಯುವ ಅಂಗಡಿಯಿತ್ತು.

ಸುಬಗ್ಯೊ ಆ ತಾಣವನ್ನು ಓದಲು ಕುಳಿತರು. ಊಟದ ಹೊತ್ತಾದರೂ ಏಳಲಿಲ್ಲ. ಆಕಾಶದ ಬಗ್ಗೆ ಜನ ಕೇಳಿದ ಒಂದೊಂದು ಪ್ರಶ್ನೆಗೂ ಅಲ್ಲಿ ಉತ್ತರವಿತ್ತು. ಶನಿಗ್ರಹದ ಬಳೆ ಏಕೆ ಬೀಳುವುದಿಲ್ಲ ಎಂದು ಯಾವುದೋ ಮಗು ಕೇಳಿತ್ತು. ಸತ್ತ ತಂಗಿ ನಕ್ಷತ್ರವಾಗುತ್ತಾಳೆಯೇ ಎಂದು ಇನ್ನೊಂದು ಕೇಳಿತ್ತು. ಆ ಎರಡನೆಯ ಉತ್ತರವನ್ನು ಅವರು ಮತ್ತೆ ಓದಿದರು. ಸುಳ್ಳು ಹೇಳದೆ ಮಗುವನ್ನು ಸಮಾಧಾನ ಮಾಡಿದ ಉತ್ತರ ಅದು.

“ಮೋಸಗಾರ ಹೀಗೆ ಬರೀತಾನಾ?” ಎಂದರು.

ಕಾನ್‌ಸ್ಟೇಬಲ್ ಕಾದೆಕ್ ತಾಣದ ಹಳೆಯ ದಾಖಲೆ ತೆರೆದು ಪರದೆಯ ಕಡೆ ಬಾಗಿದಳು. ಅವಳು ಬಾಲಿ ದ್ವೀಪದವಳು. “ಸಾರ್, ಈ ತಾಣ ವರ್ಷಕ್ಕೊಂದು ದಿನ ಪೂರ್ತಿ ಬಂದ್ ಆಗಿದೆ. ಬೆಳಿಗ್ಗೆ ಆರರಿಂದ ಮರುದಿನ ಆರರ ತನಕ. ಪ್ರತಿ ಸಲ ಅದು ನ್ಯೆಪಿ ದಿನ, ನಮ್ಮ ಮೌನದ ಹಬ್ಬ.”

“ಅವತ್ತು ನಿಮ್ಮ ದ್ವೀಪದಲ್ಲಿ ಇಂಟರ್ನೆಟ್ ನಿಲ್ಲಿಸ್ತಾರಲ್ಲ, ಅದಕ್ಕಿರಬೇಕು.”

“ತಾಣ ಇರೋ ಯಂತ್ರ ಸಿಂಗಾಪುರದಲ್ಲಿದೆ ಸಾರ್. ಅದನ್ನ ಯಾರೂ ನಿಲ್ಲಿಸಲ್ಲ. ಇವರೇ ಆರಿಸಿದಾರೆ, ಅವತ್ತು ನಾವು ಮನೆ ದೀಪ ಆರಿಸೋ ಹಾಗೆ.”

ಹೆಸರು, ವಿಳಾಸ ಎಲ್ಲ ಮುಚ್ಚಿಟ್ಟ ಮನುಷ್ಯ ದೇವರಿಂದ ಮಾತ್ರ ಏನನ್ನೂ ಮುಚ್ಚಿಟ್ಟಿರಲಿಲ್ಲ.

ಪ್ರತಿ ವರ್ಷ ನ್ಯೆಪಿಯ ಮರುದಿನ ತಾಣದಲ್ಲಿ ಆಕಾಶದ ಒಂದು ಚಿತ್ರ ಬರುತ್ತಿತ್ತು. ಅದರ ಅಂಚಿನಲ್ಲಿ ತುದಿ ಮುರಿದ ಗುಡಿಯ ಗೋಪುರದ ನೆರಳು. ಕಾದೆಕ್ ಅದನ್ನು ಉತ್ತರ ಬಾಲಿಯಲ್ಲಿರುವ ತನ್ನ ಚಿಕ್ಕಮ್ಮನಿಗೆ ಕಳಿಸಿದಳು. “ನಮ್ಮೂರ ಗುಡಿ ಕಣೇ. ಭೂಕಂಪದಲ್ಲಿ ಮುರಿದದ್ದು ಇನ್ನೂ ಕಟ್ಟಿಸಿಲ್ಲ, ಸೋಮಾರಿಗಳು,” ಎಂದು ಉತ್ತರ ಬಂತು.

ವಾರಂಟ್ ಕೈಸೇರಿ ಇಬ್ಬರೂ ಆ ಊರು ತಲುಪುವಾಗ ಮಾರ್ಚ್ 18ರ ಸಂಜೆ. ಮರುದಿನವೇ ನ್ಯೆಪಿ. ಚೌಕುಳಿ ಪಂಚೆಯುಟ್ಟ ಕಾವಲುಗಾರ ಊರ ಬಾಗಿಲಲ್ಲೇ ತಡೆದ.

“ಪೊಲೀಸ್ರಾದ್ರೂ ಅಷ್ಟೇ, ನಾಳೆ ಹೊಸ್ತಿಲು ದಾಟಂಗಿಲ್ಲ.”

“ಆರೋಪಿ ಓಡಿಹೋದ್ರೆ?”

“ಎಲ್ಲಿಗೆ ಓಡ್ತಾರೆ ಸಾರ್? ನಾಳೆ ವಿಮಾನಾನೇ ಹಾರಲ್ಲ.”

19ರಂದು ಅವರಿಬ್ಬರೂ ಕಾದೆಕ್‌ಳ ಚಿಕ್ಕಮ್ಮನ ಅಂಗಳದಲ್ಲಿ ಸುಮ್ಮನೆ ಕುಳಿತಿದ್ದರು. ಸಂಜೆಯಾಯಿತು, ಒಂದು ದೀಪವೂ ಹತ್ತಲಿಲ್ಲ. ಎಳೆ ಚಂದ್ರನೂ ಬೇಗ ಮುಳುಗಿದ. ಆಮೇಲೆ ಆಕಾಶ ಇಳಿದು ಬಂತು. ನಗರದಲ್ಲೇ ಹುಟ್ಟಿ ಬೆಳೆದ ಸುಬಗ್ಯೊ ಅಷ್ಟು ನಕ್ಷತ್ರಗಳನ್ನು ಎಂದೂ ಕಂಡಿರಲಿಲ್ಲ. ತೆಂಗಿನ ಗರಿಗಳ ಸಂದಿಯಲ್ಲಿ, ಮುರಿದ ಗೋಪುರದ ಮೇಲೆ, ಸಮುದ್ರದ ಗೆರೆ ಮುಟ್ಟುವವರೆಗೂ ಬರೀ ನಕ್ಷತ್ರ. ಗೋಡೆಯಾಚೆ ಯಾರೋ ಉಸಿರಾಡಿದ್ದೂ ಕೇಳುವಂತಿತ್ತು. ತಾವು ಯಾವ ಕೆಲಸಕ್ಕೆ ಬಂದದ್ದೆಂದು ಅವರಿಗೆ ಕೆಲಹೊತ್ತು ಮರೆತೇ ಹೋಗಿತ್ತು.

20ರ ಬೆಳಿಗ್ಗೆ ಆರಕ್ಕೆ ಕಾದೆಕ್‌ಳ ಫೋನಿನಲ್ಲಿ ತಾಣ ಮತ್ತೆ ತೆರೆಯಿತು. ಗೋಪುರ ಚಿತ್ರದಲ್ಲಿದ್ದಂತೆಯೇ ಕಾಣುವ ಅಂಗಳ ಊರಲ್ಲಿ ಒಂದೇ ಇತ್ತು. ಅದು ನಿವೃತ್ತ ಶಿಕ್ಷಕಿ ಲುಹ್ ಸುಕೆರ್ತಿಯ ಮನೆ. ಬಾಗಿಲು ತೆರೆದ ಆಕೆಯ ಹಿಂದೆ ಕಂಪ್ಯೂಟರ್ ಪರದೆ ಬೆಳಗುತ್ತಿತ್ತು. ಸುಬಗ್ಯೊ ವಾರಂಟ್ ತೋರಿಸಿದರು.

“ತಾಣ ನಿಮ್ಮದಾ?”

“ಹೌದಪ್ಪ. ಒಳಗೆ ಬನ್ನಿ, ಕಾಫಿ ಆಗ್ತಿದೆ.”

“ಆ ಕಂಪನಿ ಹೆಸರು ಯಾಕೆ ಬಳಸಿದ್ರಿ?”

“ಮೊದಲು ಬೇರೆ ತಾಣದಲ್ಲಿ ನನ್ನ ಹೆಸರಲ್ಲೇ ಬರೆದೆ. ಯಾರೂ ಬರಲಿಲ್ಲ. ಹಳ್ಳಿ ಟೀಚರ್ ಮಾತು ಯಾರಿಗೆ ಬೇಕು? ಆ ಹೆಸರು ಹಾಕಿದ ದಿನವೇ ಒಂದು ಮಗು ಪ್ರಶ್ನೆ ಕೇಳ್ತು.”

“ಗಾಜು ಕೆಟ್ಟದ್ದು ಅಂತ ಗೊತ್ತಿತ್ತಾ?”

ಆಕೆ ತಲೆ ತಗ್ಗಿಸಿದಳು. “ಆಮೇಲೆ ಗೊತ್ತಾಯ್ತು. ಕಮಿಷನ್ ನಿಂತ್ರೆ ತಾಣದ ಬಾಡಿಗೆ ಕಟ್ಟಕ್ಕಾಗಲ್ಲ, ಮಕ್ಕಳು ಹೋಗ್ತಾರೆ ಅಂತ ಗುಂಡಿ ತೆಗೀಲಿಲ್ಲ.”

“ಅದರಿಂದ ಆ ಕಂಪನಿಯಲ್ಲಿ ಗಾಜು ಉಜ್ಜೋ ಹೆಂಗಸರ ಕೆಲಸ ಅರ್ಧಕ್ಕಿಳಿದಿದೆ.”

ಆಕೆಗೆ ಅದು ಗೊತ್ತಿರಲಿಲ್ಲ. ಒಲೆಯ ಮೇಲೆ ಕಾಫಿ ಉಕ್ಕಿತು, ಆಕೆ ಏಳಲಿಲ್ಲ.

ಪಂಚನಾಮೆ ಮುಗಿದು ಕಂಪ್ಯೂಟರ್ ವಶವಾಯಿತು. ಬಂಧನದ ಕಾಗದಕ್ಕೆ ಆಕೆ ಸಹಿ ಹಾಕಿದಳು. ಸುಬಗ್ಯೊ ಹಾರ್ತೊನೊಗೆ ಫೋನ್ ಮಾಡಿ ಮಾತಾಡಿದರು. ಗುಂಡಿ ತೆಗೆಸಿ, ನಿಜ ಹೇಳುವ ಒಂದು ಪ್ರಕಟಣೆ ಹಾಕಿಸಿ ತಾಣವನ್ನು ಅಳಿಸದೆ ಬೀಗವಷ್ಟೇ ಹಾಕಲು ಕಂಪನಿ ಒಪ್ಪಿತು. ಶಿಕ್ಷಕಿ ಹೇಳಿದ್ದನ್ನು ಕಾದೆಕ್ ಟೈಪ್ ಮಾಡಿದಳು.

“ಇದು ಲಿಂತಾಂಗ್ ಕಂಪನಿಯ ತಾಣವಲ್ಲ. ಅವರ ಗಾಜು ಒಳ್ಳೆಯದು. ನಾನು ತೋರಿಸಿದ ಅಂಗಡಿಯದು ಕೆಟ್ಟದ್ದು. ತಪ್ಪು ನನ್ನದು. ಆದರೆ ಮಕ್ಕಳೇ, ನಕ್ಷತ್ರಗಳ ಬಗ್ಗೆ ಹೇಳಿದ್ದೆಲ್ಲ ನಿಜ.”

“ಕೆಳಗೆ ಯಾರ ಹೆಸರು ಹಾಕಲಿ, ಟೀಚರ್?”

ಆಕೆ ಇನ್ಸ್‌ಪೆಕ್ಟರ್ ಕಡೆ ನೋಡಿದಳು. ಅವರು ‘ನಿಮ್ಮದೇ’ ಎನ್ನುವಂತೆ ತಲೆಯಾಡಿಸಿದರು.

ಕಾದೆಕ್ ‘ಲುಹ್ ಸುಕೆರ್ತಿ’ ಎಂದು ಬರೆದಳು. ಆ ತಾಣದಲ್ಲಿ ಆ ಹೆಸರು ಕಾಣಿಸಿದ್ದು ಅದೇ ಮೊದಲು.