ಅಳಿಸಿದ ಮುಖದ ಪ್ರಕರಣ

೧೪೭೨ರ ಡಿಸೆಂಬರ್ ಹದಿನಾಲ್ಕು, ಸೋಮವಾರ. ಸಂತ ಲೂಸಿಯ ಹಬ್ಬದ ಮರುದಿನ. ಬ್ರೂಗೆ ನಗರದ ಠಾಣೆಯಲ್ಲಿ ಒಲೆ ಇನ್ನೂ ಸರಿಯಾಗಿ ಹತ್ತಿರಲಿಲ್ಲ. ಮಾರುಕಟ್ಟೆ ಗೋಪುರದ ಬೆಳಗಿನ ಗಂಟೆ ನಿಲ್ಲುವ ಮೊದಲೇ ಬಟ್ಟೆಗೆ ಬಣ್ಣ ಕಚ್ಚಿಸುವ ಪಟಿಕದ ವ್ಯಾಪಾರಿ ಪೌವೆಲ್ಸ್ ಒಳಗೆ ಬಂದ. ಅವನ ಹಿಂದೆ ಇಬ್ಬರು ಆಳುಗಳು ಒಬ್ಬ ಹೆಂಗಸನ್ನು ತೋಳು ಹಿಡಿದು ಎಳೆದು ತಂದರು.

ತನಿಖಾಧಿಕಾರಿ ಲೀವೆನ್ ತಲೆ ಎತ್ತಿ ನೋಡಿ ಮತ್ತೆ ಲೇಖನಿ ಹರಿತ ಮಾಡತೊಡಗಿದ. ದುಡ್ಡಿರುವವರು ಠಾಣೆಗೆ ಬರುವಾಗ ಅಪರಾಧಿಯನ್ನೂ ಜೊತೆಗೇ ತರುತ್ತಾರೆ. ತನಿಖೆ ಅವರಿಗೆ ಬೇಕಾಗಿರುವುದಿಲ್ಲ, ಮೊಹರು ಬೇಕಾಗಿರುತ್ತದೆ.

"ಬರ್ಕೊಳಿ. ಮಾಟ," ಅಂದ ಪೌವೆಲ್ಸ್. "ನನ್ನ ಹೆಂಡತಿಗೆ ಮಾಟ ಮಾಡಿದ್ದಾಳೆ ಇವಳು. ಬಾರ್ಬೆಲ ಅಂತ, ನಮ್ಮನೆ ಕೆಲಸದವಳು."

"ನಿಮ್ಮ ಹೆಂಡತಿಗೆ ಏನಾಗಿದೆ?"

"ಏನೂ ಆಗಿಲ್ಲ. ಆಗಬಾರದು ಅಂತಲೇ ಬಂದಿರೋದು. ಏಳು ತಿಂಗಳ ಬಸುರಿ ಅವಳು."

ಅವನು ಮಖಮಲ್ಲಿನ ಚೀಲದಿಂದ ಅಂಗೈಯಗಲದ ಪುಸ್ತಕವೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಗಳಿಗೆ ಪುಸ್ತಕ. ದಿನದ ಒಂದೊಂದು ಹೊತ್ತಿಗೂ ಒಂದೊಂದು ಪ್ರಾರ್ಥನೆ, ತೊಗಲಿನ ಹಾಳೆಗಳ ಅಂಚಿಗೆಲ್ಲ ಹೂಬಳ್ಳಿ, ಚಿನ್ನದ ರೇಕು. ಈ ಊರಿನಲ್ಲಿ ನಾಲ್ಕು ಕಾಸು ಕಂಡ ಮನೆಯ ಹೆಂಗಸರೆಲ್ಲ ಇಂಥದ್ದೊಂದನ್ನು ಸೊಂಟಕ್ಕೆ ತೂಗುಹಾಕಿಕೊಂಡೇ ಪೂಜೆಗೆ ಹೋಗುತ್ತಿದ್ದರು. ಕಳುವಿನ ಮಾಲಾಗಿ ಲೀವೆನ್ ಅವನ್ನು ಬೇಕಾದಷ್ಟು ಕಂಡಿದ್ದ. ಹೆಚ್ಚಿನವುಗಳಲ್ಲಿ ಸವೆದಿರುತ್ತಿದ್ದುದು ಹೊರಗಿನ ರಟ್ಟು ಮಾತ್ರ. ಒಳಗೆ ದೇವರು ಯಾರ ಬೆರಳೂ ತಾಗದೆ ಹೊಸದಾಗಿಯೇ ಉಳಿದಿರುತ್ತಿದ್ದ.

ಪೌವೆಲ್ಸ್ ಒಂದು ಹಾಳೆ ತೆರೆದ. ಮೇರಿ ಮಾತೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅವಳ ಮುಂದೆ ಹಸಿರು ಉಡುಪಿನ ಹೆಂಗಸೊಬ್ಬಳು ಕೈಮುಗಿದು ಮೊಣಕಾಲೂರಿದ್ದಳು. ಬೆರಳಲ್ಲಿ ಕೆಂಪು ಹರಳಿನ ಉಂಗುರ. ಮುಖವಿರಬೇಕಾದ ಕಡೆ ಕಲಸಿದ ಹಿಟ್ಟಿನಂಥ ಕಲೆ. ಆ ಕಲೆಯ ನಡುವಿನಿಂದ ಬೂದುಬಣ್ಣದ ಒಂದು ಕಣ್ಣು ನೋಡುತ್ತಿತ್ತು, ಅದರ ಕೆಳಗೆ ಮೂಗಿನ ಗೆರೆಯೊಂದು.

"ಇದು ನಿಮ್ಮ ಹೆಂಡತಿಯ ಕಣ್ಣೋ?"

"ಅಲ್ಲ. ಅದು ಮೊದಲನೆಯವಳದು. ಕಾಥೆಲಿನ. ತೀರಿಹೋಗಿ ಎರಡು ವರ್ಷವಾಯ್ತು."

"ಅವರು ಇಲ್ಲಿ ಏನು ಮಾಡ್ತಿದಾರೆ?"

ಪೌವೆಲ್ಸ್‌ಗೆ ಪ್ರಶ್ನೆ ಹಿಡಿಸಲಿಲ್ಲ. "ಪುಸ್ತಕ ಅವಳದೇ. ಗಟ್ಟಿಮುಟ್ಟಾಗಿತ್ತು, ಬಿಸಾಡೋಕಾಗುತ್ತಾ? ಈಗಿನವಳು, ಯೋಸಿನ, ಬಂದ ಮೇಲೆ ಮುಖ ಮಾತ್ರ ಬದಲಾಯಿಸಿ ಬರೆಸಿದೆ. ಉಡುಪು ಚೆನ್ನಾಗೇ ಇತ್ತು."

ಮೂಲೆಯಲ್ಲಿ ಕುಳಿತು ಉಪ್ಪುಮೀನು ಸುಲಿಯುತ್ತಿದ್ದ ಪೇದೆ ಗಿಲ್ಲಿಸ್ ತನ್ನಷ್ಟಕ್ಕೆ ಅಂದ: "ಮುಂಡ ಅಕ್ಕಂದು, ತಲೆ ತಂಗೀದು."

ಲೀವೆನ್ ದೂರು ಬರೆದುಕೊಂಡ. ಪಿರ್ಯಾದಿ ಶನಿವಾರ ಇಟಲಿಯ ಬಡ್ಡಿ ವ್ಯಾಪಾರಿಯೊಬ್ಬನಿಗೆ ಪುಸ್ತಕ ತೋರಿಸಲು ತೆರೆದಾಗ ಮುಖ ಅಳಿಸಿರುವುದು ಕಂಡುಬಂತು. ಬಾರ್ಬೆಲ ಮೊದಲ ಹೆಂಡತಿಯ ಕಾಲದವಳು, ಹೊಸಬಳನ್ನು ಕಂಡರೆ ಆಗದು. ಆ ಕಾರಣಕ್ಕೇ ಅವಳನ್ನು ಅಕ್ಟೋಬರ್ ಕೊನೆಗೆ ಪಕ್ಕದ ಊರು ಡಾಮೆಯಲ್ಲಿರುವ ಅವಳ ತಂಗಿಯ ಮನೆಗೆ ಕಳಿಸಲಾಗಿತ್ತು. ಡಿಸೆಂಬರ್ ಆರರ ಸಂತ ನಿಕೊಲಾಸ್ ಹಬ್ಬಕ್ಕೆ ವಾಪಸು ಬಂದಳು. ವಾರ ಕಳೆಯುವುದರೊಳಗೆ ಹೀಗಾಯಿತು. ಇಷ್ಟನ್ನು ಪೌವೆಲ್ಸ್ ತಾನಾಗಿಯೇ ಹೇಳಿ ಸಹಿ ಹಾಕಿದ.

"ಶುಕ್ರವಾರ ನ್ಯಾಯಪೀಠ ಕೂರುತ್ತಲ್ಲ, ಅಷ್ಟರೊಳಗೆ ಮುಗಿಸಿ," ಅಂದು ಹೊರಟ.

ಬಸುರಿಯ ಚಿತ್ರದ ಮೇಲೆ ಮಾಟ ಅಂದರೆ ನ್ಯಾಯಪೀಠ ಎರಡು ಯೋಚನೆ ಮಾಡುವುದಿಲ್ಲ. ಸುಡುತ್ತಾರೆ. ಅದು ಠಾಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಬಾರ್ಬೆಲಳಿಗೂ.

"ಪುಸ್ತಕ ಮುಟ್ಟಿದ್ಯಾ?" ಲೀವೆನ್ ಕೇಳಿದ.

"ಇಲ್ಲ."

"ಮುಟ್ಟೋಕೆ ಆಗ್ತಿತ್ತಾ?"

"ಪೆಟ್ಟಿಗೆಯೊಳಗೆ ಇರ್ತದೆ. ಬೀಗದ ಕೈ ಯಜಮಾನತಿ ಸೊಂಟದಲ್ಲಿರ್ತದೆ. ಅದನ್ನ ಅವರು ಮಲಗುವಾಗಲೂ ಬಿಚ್ಚಲ್ಲ."

"ಅವರನ್ನ ಕಂಡ್ರೆ ಆಗಲ್ವಂತೆ ನಿನಗೆ."

"ಆಗಲ್ಲ," ಅಂದಳು ಬಾರ್ಬೆಲ. ಐವತ್ತರ ಹೆಂಗಸು, ಕೆನ್ನೆ ಮೇಲೆ ಯಾರದೋ ಐದು ಬೆರಳು ಮೂಡಿತ್ತು. "ನಾನು ಒರೆಸಿದ್ರೆ ಹಿಂಗೆ ಅರ್ಧಂಬರ್ಧ ಬಿಡ್ತಿರಲಿಲ್ಲ ಸ್ವಾಮಿ. ನಮ್ಮ ಹಳೇ ಅಮ್ಮಾವ್ರ ಮುಖ ಪೂರ್ತಿ ಕಾಣೋ ಹಂಗೆ ಒರೆಸ್ತಿದ್ದೆ."

ಗಿಲ್ಲಿಸ್ ನಕ್ಕುಬಿಟ್ಟ. "ಇದನ್ನ ನ್ಯಾಯಪೀಠದಲ್ಲಿ ಹೇಳಬೇಡ ಮಾರಾಯ್ತಿ. ಸೌದೆ ನೀನೇ ಹೊತ್ಕೊಂಡು ಹೋದ ಹಾಗಾಗ್ತದೆ."

ಅವಳನ್ನು ಸೆರೆಮನೆಯ ಕೆಳಗಿನ ಕೋಣೆಗೆ ಕಳಿಸಲಾಯಿತು.

ಮಧ್ಯಾಹ್ನ ಪೌವೆಲ್ಸ್‌ನ ಮನೆಯಲ್ಲಿ ಮಹಜರು. ಅಕ್ಕಪಕ್ಕದ ಮನೆಯ ಇಬ್ಬರು ಪಂಚರು ಬಂದರು. ಒಬ್ಬ ನೆಲದ ಹಾಸುಗಲ್ಲನ್ನು ಬೆಲೆ ಕಟ್ಟುವವನಂತೆ ನೋಡುತ್ತಿದ್ದ. ಇನ್ನೊಬ್ಬನಿಗೆ ಬಿಯರ್ ಯಾವಾಗ ಬರುತ್ತದೆ ಎಂಬುದೇ ಚಿಂತೆ. ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ, ಗೀರೂ ಇರಲಿಲ್ಲ. ಕಿಟಕಿಯ ಪಕ್ಕದಲ್ಲಿ ಪ್ರಾರ್ಥನೆಯ ಪೀಠ. ಅದರ ಮೇಲೆ ಮೇಣ ತೊಟ್ಟಿಕ್ಕಿ ಗಟ್ಟಿಯಾಗಿತ್ತು. ಈ ಮನೆಯಲ್ಲಿ ಒಬ್ಬರಾದರೂ ಪುಸ್ತಕ ತೆರೆಯುತ್ತಾರೆ ಎಂದು ಲೀವೆನ್ ಗುರುತು ಹಾಕಿಕೊಂಡ.

ಯೋಸಿನ ಕುರ್ಚಿಯಲ್ಲಿ ಕುಳಿತಿದ್ದಳು. ಇಪ್ಪತ್ತು ದಾಟಿರಲಾರದು. ಹಸಿರು ಉಡುಪು, ಪಕ್ಕೆಯಲ್ಲಿ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದು. ಬೆರಳಲ್ಲಿ ಕೆಂಪು ಹರಳು. ಚಿತ್ರದಲ್ಲಿದ್ದ ಉಡುಪೇ, ಚಿತ್ರದಲ್ಲಿದ್ದ ಉಂಗುರವೇ. ಈ ಮನುಷ್ಯ ಹಳೆಯ ಹೆಂಡತಿಯದು ಒಂದು ಗುಂಡಿಯನ್ನೂ ಪೋಲು ಮಾಡಿಲ್ಲ ಎಂದುಕೊಂಡ ಲೀವೆನ್.

"ದಿನಾ ಪ್ರಾರ್ಥನೆ ಮಾಡ್ತೀರಾ?"

"ಮಾಡ್ತಾಳೆ," ಅಂದ ಪೌವೆಲ್ಸ್. "ಬೆಳಕು ಹರಿಯೋ ಹೊತ್ತಿಗೆ, ತಪ್ಪದೆ."

"ಮುಖ ಅಳಿಸಿದ್ದು ಯಾವಾಗ ನೋಡಿದ್ರಿ?"

"ಶನಿವಾರವೇ," ಅಂದ ಪೌವೆಲ್ಸ್.

"ನಾನು ಅವರನ್ನ ಕೇಳ್ತಿದೀನಿ. ಬಾರ್ಬೆಲ ಮಾಡಿದ್ದಾಳೆ ಅಂತೀರಾ?"

ಯೋಸಿನ ಗಂಡನ ಕಡೆ ನೋಡಿದಳು. "ಹೂಂ," ಅಂದಳು. ಆಮೇಲೆ, "ಅವಳು ನನ್ನನ್ನೇ ದುರುಗುಟ್ಟಿ ನೋಡ್ತಿರ್ತಾಳೆ," ಎಂದು ಸೇರಿಸಿದಳು.

ಹೊರಗೆ ಬಂದ ಮೇಲೆ ಗಿಲ್ಲಿಸ್ ಕೇಳಿದ: "ಏನನ್ನಿಸ್ತು ಸಾಹೇಬ್ರೆ?"

"ಒಂದು ಹೂಂ ಹೇಳಿ ಮನುಷ್ಯರನ್ನ ಬೆಂಕಿಗೆ ಹಾಕ್ತಾರೆ. ಕೈ ಮಾತ್ರ ಮುಗಿದೇ ಇರ್ತದೆ."

ಮಂಗಳವಾರ ಅವರು ಚಿತ್ರಕಾರ ಝೆಗರ್‌ನ ಅಂಗಡಿಗೆ ಹೋದರು. ಚಿತ್ರಕಾರರ ಸಂಘದಲ್ಲಿ ದೊಡ್ಡ ಹೆಸರು, ಕೊರಳಲ್ಲಿ ಬೆಳ್ಳಿ ಸರಪಳಿ. ಪುಸ್ತಕ ಕಂಡೊಡನೆ, "ಇದು ನನ್ನ ಕೆಲಸವೇ ಅಲ್ಲ," ಅಂದ.

"ಪೌವೆಲ್ಸ್ ನಿಮ್ಮ ಹೆಸರು ಹೇಳಿದ್ದಾರೆ. ಬೇಕಾದ್ರೆ ಸಂಘದವರ ಮುಂದೆ ತೆರೆದು ಕೇಳ್ತೀನಿ."

ಝೆಗರ್ ಬಾಗಿಲು ಮುಚ್ಚಿ ಬಂದ. "ಹಳೇ ಬಣ್ಣ ಕೆರೆದು, ತೊಗಲು ನಯ ಮಾಡಿ, ಆಮೇಲೆ ಬರೀಬೇಕು. ಅದಕ್ಕೊಂದು ದರ ಇದೆ. ಆ ಮನುಷ್ಯ ಚೌಕಾಸಿ ಮಾಡಿದ. ಹಳೇ ಮುಖದ ಮೇಲೇ ತೆಳ್ಳಗೆ ಬಿಳಿ ಎಳೆದು ಬರೆದುಕೊಟ್ಟೆ. ಗೋಂದೂ ಕಡಿಮೆ."

"ಅಂದ್ರೆ ಒದ್ದೆ ಬಟ್ಟೆ ತಾಗಿದ್ರೆ?"

"ಒಂದೇ ಏಟಿಗೆ ಹೋಗ್ತದೆ."

"ಇದು ಒಂದೇ ಏಟಿಗೆ ಹೋಗಿರೋದಾ? ನೋಡಿ ಹೇಳಿ."

ಝೆಗರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ತನ್ನ ಕಳಪೆ ಕೆಲಸ ತಾನೇ ನೋಡಬೇಕಾಗಿ ಬಂದವನಂತೆ ಮುಖ ಕಿವುಚಿದ. "ಬಟ್ಟೆಯಲ್ಲ, ಬೆರಳು. ಕಣ್ಣು ಮೊದಲು ಹೋಗಿದೆ, ಅಲ್ಲಿ ಜಿಡ್ಡು ಹಿಡಿದು ಹೊಳೀತಿದೆ. ಆಮೇಲೆ ಹಣೆ, ಬಾಯಿ. ಗಲ್ಲದ ಹತ್ತಿರ ಇನ್ನೂ ಹೊಸದು. ದಿನಾ ಇಷ್ಟಿಷ್ಟೇ ಒರೆಸಿದ್ದಾರೆ. ಶುರುವಾಗಿ ತಿಂಗಳ ಮೇಲೇ ಆಗಿದೆ. ಪಕ್ಕದ ಹಸಿರು ಚೂರೂ ಕದಡಿಲ್ಲ. ಅವಸರವಿಲ್ಲದ ಕೈ."

ತಿಂಗಳ ಹಿಂದೆ ಬಾರ್ಬೆಲ ಡಾಮೆಯಲ್ಲಿದ್ದಳು. ಹಾಗೆಂದು ಪಿರ್ಯಾದಿಯೇ ಬರೆಸಿ ಸಹಿ ಮಾಡಿದ್ದ. ಆ ತಿಂಗಳು ಪೂರ್ತಿ ಪುಸ್ತಕವನ್ನು ದಿನವೂ ಕೈಯಲ್ಲಿ ಹಿಡಿದವರು ಒಬ್ಬರೇ.

"ಹೀಗೆ ಯಾಕ್ರೀ ಒರೆಸ್ತಾರೆ?" ಗಿಲ್ಲಿಸ್ ದಾರಿಯಲ್ಲಿ ಕೇಳಿದ. "ನನ್ನ ಮುಖ ಯಾರಾದ್ರೂ ಚಿನ್ನದ ಪುಸ್ತಕದಲ್ಲಿ ಬರೆದ್ರೆ ನಾನು ಊರಿಗೆಲ್ಲ ತೋರಿಸ್ಕೊಂಡು ಬರ್ತೀನಿ."

"ನಿನ್ನ ಮುಖಕ್ಕೆ ಒರೆಸೋದೇ ಸರಿ," ಅಂದ ಲೀವೆನ್.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಅವರು ಪೌವೆಲ್ಸ್‌ನ ಮನೆಗೆ ಹೋದರು. ಪೌವೆಲ್ಸ್‌ನನ್ನು ಗಿಲ್ಲಿಸ್ ಕೋಣೆಯ ಹೊರಗೇ ನಿಲ್ಲಿಸಿಕೊಂಡ. "ಅವಳಿಗೆ ಮಾತಾಡೋಕೆ ಬರಲ್ಲ," ಎಂದು ಪೌವೆಲ್ಸ್ ಹೇಳುತ್ತಲೇ ಇದ್ದ. "ನೀವು ಬಿಟ್ರೆ ತಾನೇ ಯಜಮಾನ್ರೆ," ಅಂದ ಗಿಲ್ಲಿಸ್.

ಲೀವೆನ್ ಪುಸ್ತಕವನ್ನು ಪೀಠದ ಮೇಲಿಟ್ಟು, ಮೇಣದಬತ್ತಿ ಹಚ್ಚಿದ. "ಪ್ರಾರ್ಥನೆಯ ಹೊತ್ತು. ದಿನಾ ಮಾಡೋ ಹಾಗೆ ಮಾಡಿ. ನಾನು ಕಾಯ್ತೀನಿ."

ಯೋಸಿನ ಅವನನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ಪೀಠ ಹಿಡಿದು ಭಾರವಾಗಿ ಮೊಣಕಾಲೂರಿದಳು. ಹಾಳೆ ತೆರೆದು ಓದತೊಡಗಿದಳು. ನಾಲ್ಕಾರು ಸಾಲು ಸರಿದ ಮೇಲೆ ಪ್ರಾರ್ಥನೆ ತನ್ನ ಪಾಡಿಗೆ ತಾನು ಹರಿಯಿತು, ಪಕ್ಕದಲ್ಲಿ ಒಬ್ಬ ಗಂಡಸು ನಿಂತಿರುವುದೇ ಅವಳಿಗೆ ಮರೆತಂತಿತ್ತು. ಬಲಗೈಯ ಹೆಬ್ಬೆರಳು ಮೇಲೆದ್ದು ನಾಲಿಗೆಗೆ ತಾಗಿತು. ಅಲ್ಲಿಂದ ಇಳಿದು ಎದುರಿನ ಹಾಳೆಯ ಚಿತ್ರದ ಮೇಲೆ, ಆ ಕಲೆಯ ಮೇಲೆ ಸರಿಯಾಗಿ ಕುಳಿತು, ಒಂದು ಸುತ್ತು ತಿರುಗಿತು.

ಅಲ್ಲಿಗೆ ಅವಳ ಸ್ವರ ನಿಂತುಹೋಯಿತು. ಬೆರಳು ಅಲ್ಲೇ ಇತ್ತು.

"ಯಾವಾಗಿಂದ?"

"ಹೋದ ತಿಂಗಳು ಸಂತ ಮಾರ್ಟಿನ್ ಹಬ್ಬದಿಂದ. ಮಗು ಒದೆಯೋಕೆ ಶುರು ಮಾಡಿತ್ತು."

"ಒಂದೇ ಸಲ ಒರೆಸಬಹುದಿತ್ತಲ್ಲ."

"ಅವರಿಗೆ ಗೊತ್ತಾಗೋದು. ಮುತ್ತಿಟ್ಟು ಮುತ್ತಿಟ್ಟು ಸವೀತು ಅನ್ನೋ ಹಾಗಿರಲಿ ಅಂತ. ಎಷ್ಟೋ ಪುಸ್ತಕದಲ್ಲಿ ಮಾತೆಯ ಮುಖವೇ ಹಾಗೆ ಸವೆದಿರ್ತದಲ್ಲ."

"ಯಾಕೆ ಒರೆಸಿದ್ರಿ?"

ಅವಳು ಬೆರಳು ಹಿಂದಕ್ಕೆ ತೆಗೆದಳು. "ಕಾಥೆಲಿನ ಅಕ್ಕ ಈ ಚಿತ್ರ ಬರೆಸಿದಾಗ ಬಸುರಿ. ಈ ಉಡುಪಲ್ಲೇ. ಚಿತ್ರ ಒಣಗಿ ಪುಸ್ತಕ ಕಟ್ಟೋದ್ರೊಳಗೆ ಹೆರಿಗೆಯಲ್ಲಿ ಹೋದ್ರು, ಮಗೂನೂ ಉಳೀಲಿಲ್ಲ. ಆ ಮೈ ಹಾಗೇ ಇಟ್ಟು ಅದರ ಮೇಲೆ ನನ್ನ ತಲೆ ಇಟ್ಟಿದಾರೆ. ದಿನಾ ಬೆಳಗ್ಗೆ ನಾನು ಮಾತೆಗೆ ಕೈ ಮುಗಿದ್ರೆ ಅಲ್ಲಿ ಮುಗಿಯೋದು ಸತ್ತವರ ಕೈ. ಮಾತೆ ಯಾರನ್ನ ಅಂತ ನೋಡ್ತಾಳೆ? ನನ್ನ ಹೆರಿಗೆ ದಿನ ಬರೋದ್ರೊಳಗೆ ಆ ಚಿತ್ರದಿಂದ ಎದ್ದು ಬರಬೇಕಿತ್ತು ನಾನು."

"ಬಾರ್ಬೆಲ?"

"ಅವರು, 'ಬಾರ್ಬೆಲ ತಾನೇ?' ಅಂದ್ರು. ನಾನು ಹೂಂ ಅಂದೆ."

"ನನ್ನ ಹತ್ರಾನೂ ಅಂದ್ರಿ. ಅವಳನ್ನ ಸುಡ್ತಾರೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಸೋಮವಾರ, ಮಂಗಳವಾರ, ಅವಳು ಒಳಗಿರುವಾಗ, ಎರಡೂ ದಿನ ಪುಸ್ತಕ ಇಲ್ಲದೇ ಪ್ರಾರ್ಥನೆ ಮಾಡಿದ್ರಾ?"

"ಮಾಡಿದೆ," ಅಂದಳು ಯೋಸಿನ.

ಲೀವೆನ್ ಹೋಗಿ ಬಾಗಿಲು ತೆರೆದ.

ಎಲ್ಲವನ್ನೂ ಕೇಳಿದ ಮೇಲೆ ಪೌವೆಲ್ಸ್ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. "ಹಾಗಾದ್ರೆ ದೂರು ವಾಪಸ್ ತಗೋತೀನಿ. ಇಲ್ಲಾ ಅಂದ್ರೆ ಹಾಗೇ ಇರಲಿ ಬಿಡಿ. ಬಾರ್ಬೆಲ ಹೇಗಿದ್ರೂ ಒಳಗಿದಾಳೆ. ಡಾಮೆಯ ಆ ತಂಗಿ ಬಿಟ್ರೆ ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ."

"ಏನಂದ್ರಿ? ಪೇದೆಗೆ ಕೇಳಿಸಿಲ್ಲ, ಇನ್ನೊಂದ್ಸಲ ಹೇಳಿ. ಬರ್ಕೋತಾನೆ."

ಪೌವೆಲ್ಸ್ ಇನ್ನೊಂದು ಸಲ ಹೇಳಲಿಲ್ಲ. ಪುಸ್ತಕ ಯಾವಾಗ ವಾಪಸ್ ಸಿಗುತ್ತದೆ ಎಂದು ಮಾತ್ರ ಕೇಳಿದ.

ಡಿಸೆಂಬರ್ ಹದಿನಾರು, ಬೆಳಗಿನ ಪೂಜೆಯ ಗಂಟೆಗೆ ಯೋಸಿನಳ ಬಂಧನವಾಯಿತು. ಆರೋಪ, ಪ್ರಾಣದಂಡನೆಯ ಪ್ರಕರಣದಲ್ಲಿ ಗೊತ್ತಿದ್ದೂ ಸುಳ್ಳು ಹೇಳಿಕೆ. ಬಸುರಿಯಾದ್ದರಿಂದ ಹೆರಿಗೆಯಾಗುವ ತನಕ ಸನ್ಯಾಸಿನಿ ಸೋದರಿಯರ ಆಸ್ಪತ್ರೆಯಲ್ಲಿ ಕಾವಲಿನಲ್ಲಿಡಬೇಕೆಂದು ಬರೆಯಲಾಯಿತು. ಹೊರಡುವ ಮುಂಚೆ ಅವಳು ಒಂದೇ ಕೇಳಿದಳು: ಬಟ್ಟೆ ಬದಲಾಯಿಸಬಹುದಾ. ಒಳಗೆ ಹೋಗಿ, ಕೆಲಸದವಳ ಬೂದು ಉಣ್ಣೆಯ ಉಡುಪು ತೊಟ್ಟು ಬಂದಳು. ಉಂಗುರವನ್ನು ಪೆಟ್ಟಿಗೆಯ ಮೇಲೆ ಬಿಟ್ಟಿದ್ದಳು. ಮೆಟ್ಟಿಲಿಳಿಯುವಾಗ ಲೀವೆನ್ ಕೈಯಲ್ಲಿದ್ದ ಪುಸ್ತಕದ ಕಡೆ ನೋಡಿ, "ನನ್ನ ಗಲ್ಲ ಇನ್ನೂ ಉಳಿದಿದೆ," ಅಂದಳು.

ಅವನು ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡ.

ಬಾರ್ಬೆಲಳನ್ನು ಮಧ್ಯಾಹ್ನ ಬಿಟ್ಟರು. ಹೋಗುವ ಮೊದಲು ಆ ಹಾಳೆ ತೋರಿಸಿ ಎಂದಳು. ಬಹಳ ಹೊತ್ತು ನೋಡಿದಳು.

"ಹಳೇ ಅಮ್ಮಾವ್ರೇನಾ?" ಗಿಲ್ಲಿಸ್ ಕೇಳಿದ.

"ಮೂಗು ಹಿಂಗಿರಲಿಲ್ಲ," ಅಂದಳು ಬಾರ್ಬೆಲ. "ಹಳೇ ಚಿತ್ರದವ್ನು ದುಡ್ಡು ಇಸ್ಕೊಂಡು ಇಷ್ಟು ಚಂದದ ಮೂಗು ಬರೆದವ್ನೆ." ಉಡುಪಿನ ಅಂಚಿಗೆ ಕೈ ಒರೆಸಿಕೊಂಡು, ಯಾರಿಗೂ ನಮಸ್ಕಾರ ಹೇಳದೆ ಡಾಮೆಯ ದಾರಿ ಹಿಡಿದಳು.

ಲೀವೆನ್ ಪ್ರಕರಣದ ವರದಿ ಬರೆದು ಮುಗಿಸಿದ. ಕಾರಣ ಎಂಬಲ್ಲಿ, ದ್ವೇಷವಿಲ್ಲ, ಲಾಭವಿಲ್ಲ, ಎಂದು ಬರೆದ. ಆಮೇಲೆ, ಹೆರಿಗೆಯ ಭಯ, ಎಂದು ಬರೆದ. ಅವನಿಗೆ ಚಿತ್ರಗಳ ಮೇಲೆ ನಂಬಿಕೆ ಇರಲಿಲ್ಲ. ಮುಖಕ್ಕೆ ಅರ್ಧ ದುಡ್ಡು ಕೊಟ್ಟವನ ಮೇಲೆ, ಅರ್ಧ ಮುಖ ಬರೆದವನ ಮೇಲೆ, ಹೂಂ ಅಂದವಳ ಮೇಲೆ, ಯಾರ ಮೇಲೂ ಇರಲಿಲ್ಲ.

ಮೊಹರಿಗೆ ಅರಗು ಕಾಯಿಸುತ್ತಿದ್ದ ಗಿಲ್ಲಿಸ್ ತಿರುಗಿ ನೋಡುವಷ್ಟರಲ್ಲಿ ಲೀವೆನ್ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಪುಸ್ತಕದ ಚಿತ್ರದ ಮೇಲೆ ಒಂದು ಸಲ ಎಳೆದಿದ್ದ. ಹೊಸ ಗಲ್ಲ ಹೋಗಿ ಹಳೆಯ ಗಲ್ಲ ಕಾಣಿಸಿತು.

"ಸಾಹೇಬ್ರೆ, ಅದು ಪುರಾವೆ."

"ಧೂಳಿತ್ತು," ಅಂದ ಲೀವೆನ್. ಪುಸ್ತಕ ಮುಚ್ಚಿ ಅರಗಿಗೆ ಕೈ ಚಾಚಿದ.