ಕಾಗದದ ತೊಟ್ಟಿಯಲ್ಲಿ ಸೂಜಿ

ಮಾರ್ಚ್ ಹನ್ನೆರಡು, ಬೆಳಿಗ್ಗೆ 9.40. ಠಾಣೆಯ ಬೆಂಚಿನ ಮೇಲೆ ಕೂತಿದ್ದ ಹೆಂಗಸಿನ ಬಲ ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿತ್ತು. ಅರವತ್ನಾಲ್ಕು ಮನೆಗಳ ವಸತಿ ಸಮುಚ್ಚಯವೊಂದರಲ್ಲಿ ಕಸ ಬೇರ್ಪಡಿಸುವುದು ಅವಳ ಕೆಲಸ.

"ಕಾಗದದ ತೊಟ್ಟಿಗೆ ಕೈ ಹಾಕ್ದೆ ಸಾರ್. ಗ್ಲೌಸ್ ತೂರ್ಕೊಂಡು ಸೂಜಿ ಚುಚ್ತು. ಇದು ಮೂರನೇ ಸಲ."

"ಮೊದಲೇ ಯಾಕೆ ಬರ್ಲಿಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಅಸೋಸಿಯೇಷನ್ ಸೆಕ್ರೆಟರಿಗೆ ಹೇಳಿದ್ದೆ. ನೋಡ್ಕೊಂಡು ಕೆಲಸ ಮಾಡಮ್ಮ ಅಂದ್ರು. ಯಾರ ರಕ್ತಾನೋ ಏನೋ. ಹೆದರ್ಕೊಂಡು ಮಗೂಗೆ ಹಾಲು ಕುಡಿಸೋದೂ ಬಿಟ್ಟಿದೀನಿ."

ಎಫ್‌ಐಆರ್ ದಾಖಲಾಯಿತು.

11.15ಕ್ಕೆ ಇಬ್ಬರು ನಿವಾಸಿಗಳನ್ನು ಪಂಚರನ್ನಾಗಿ ಕರೆದು ಕಸದ ಶೆಡ್ಡಿನಲ್ಲಿ ಪಂಚನಾಮೆ ನಡೆಯಿತು. ಹಸಿ ಕಸಕ್ಕೆ ಹಸಿರು ತೊಟ್ಟಿ, ಕಾಗದಕ್ಕೆ ನೀಲಿ, ಔಷಧಿ-ಸೂಜಿಗಳಿಗೆ ಕೆಂಪು. ಕೆಂಪು ತೊಟ್ಟಿಗೆ ಮಾತ್ರ ಬೀಗ. ವಾಚ್‌ಮನ್ ಹತ್ತಿರವಿದ್ದ ಪುಸ್ತಕದಲ್ಲಿ ಮನೆ ನಂಬರ್ ಬರೆದರೆ ಕೀಲಿ ಸಿಗುತ್ತಿತ್ತು.

ನೀಲಿ ತೊಟ್ಟಿಯನ್ನು ಟಾರ್ಪಾಲಿನ ಮೇಲೆ ಸುರಿದಾಗ ಇನ್ನೂ ನಾಲ್ಕು ಸೂಜಿಗಳು ಸಿಕ್ಕವು. ಒಂದೊಂದನ್ನೂ ಹರಿದ ಹಾಳೆಯಲ್ಲಿ ಸುತ್ತಲಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಒಂದು ಹಾಳೆಯನ್ನು ಚಿಮಟದಲ್ಲಿ ಬಿಡಿಸಿದಳು.

"ಇದು ಬಸ್ಸಿನ ಟ್ರಿಪ್ ಶೀಟ್ ಸಾರ್. ನಮ್ಮ ಭಾವ ಡ್ರೈವರ್, ಅವರ ಮನೇಲಿ ರಾಶಿ ಬಿದ್ದಿರುತ್ತೆ."

ನಾಲ್ಕು ಹಾಳೆಗಳಲ್ಲೂ ಹೆಸರಿದ್ದ ಭಾಗ ಹರಿದುಹೋಗಿತ್ತು. ಬಸ್ಸಿನ ನಂಬರು, ತಾರೀಕು ಉಳಿದಿದ್ದವು.

ಮಧ್ಯಾಹ್ನ 1.05ಕ್ಕೆ ಡಿಪೋದ ಗುಮಾಸ್ತ ಡ್ಯೂಟಿ ಪುಸ್ತಕ ತಿರುವಿದ. ನಾಲ್ಕೂ ದಿನ ಆ ಬಸ್ ಓಡಿಸಿದ್ದು ಒಬ್ಬನೇ ಚಾಲಕ. ವಿಳಾಸ ಅದೇ ಸಮುಚ್ಚಯದ ಎರಡನೇ ಮಹಡಿ.

"ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರೂ ಬಿದ್ದಿಲ್ಲ ಸಾರ್ ಅವನ ಗಾಡಿಗೆ," ಎಂದ ಗುಮಾಸ್ತ.

3.30ಕ್ಕೆ ಚಾಲಕನೇ ಬಾಗಿಲು ತೆರೆದ. ಖಾಕಿ ಅಂಗಿಯನ್ನಿನ್ನೂ ಬಿಚ್ಚಿರಲಿಲ್ಲ. ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಮನೇಲಿ ಯಾರಾದ್ರೂ ಇಂಜೆಕ್ಷನ್ ತಗೋತೀರಾ?" ಇನ್ಸ್‌ಪೆಕ್ಟರ್ ಕೇಳಿದರು.

"ಇಲ್ಲಪ್ಪ, ಎಲ್ಲರೂ ಗಟ್ಟಿಮುಟ್ಟಾಗಿದೀವಿ," ಹೆಂಡತಿಯೇ ಉತ್ತರಿಸಿದಳು.

ಇನ್ಸ್‌ಪೆಕ್ಟರ್ ಚಾಲಕನ ಕಡೆ ನೋಡಿದರು.

"ಹುಡುಕೋದು ಬೇಡ ಸಾರ್," ಎಂದವನೇ ಒಳಗೆ ನಡೆದ. ಹೆಡ್ ಕಾನ್‌ಸ್ಟೇಬಲ್ ಹಿಂದೆಯೇ ಹೋದಳು. ಅಟ್ಟದ ಮೇಲಿನ ಬೂಟಿನ ಡಬ್ಬಿಯಲ್ಲಿ ಆರು ಸಿರಿಂಜುಗಳು, ಒದ್ದೆ ಬಟ್ಟೆ ಸುತ್ತಿದ ಇನ್ಸುಲಿನ್ ಸೀಸೆ. ಫ್ರಿಜ್ಜಿನಲ್ಲಿಟ್ಟರೆ ಹೆಂಡತಿಯ ಕಣ್ಣಿಗೆ ಬೀಳುತ್ತಿತ್ತು.

"ಕೆಂಪು ತೊಟ್ಟಿ ಪಕ್ಕದಲ್ಲೇ ಇತ್ತಲ್ಲ?" ಎಂದರು ಇನ್ಸ್‌ಪೆಕ್ಟರ್.

"ಅದಕ್ಕೆ ಮನೆ ನಂಬರ್ ಬರೀಬೇಕು ಸಾರ್. ವಾಚ್‌ಮನ್ ಬಾಯಲ್ಲಿ ಮಾತು ನಿಲ್ಲಲ್ಲ. ಡಿಪೋದವರು ಇಲ್ಲಿ ಇನ್ನೂ ಇಬ್ರು ಇದಾರೆ."

"ನಂಗಾದ್ರೂ ಹೇಳಬಾರದಿತ್ತಾ ರೀ?" ಎಂದಳು ಹೆಂಡತಿ.

4.10ಕ್ಕೆ, ನಿರ್ಲಕ್ಷ್ಯದಿಂದ ಇನ್ನೊಬ್ಬರಿಗೆ ಗಾಯ ಮಾಡಿದ ಆರೋಪದ ಮೇಲೆ ಆತನನ್ನು ಬಂಧಿಸಲಾಯಿತು. ರಕ್ತ ಪರೀಕ್ಷೆಗೆ ತಾನೇ ಒಪ್ಪಿಕೊಂಡ. ಹದಿನಾಲ್ಕರಂದು ವರದಿ ಬಂತು: ಅಂಟುವ ರೋಗ ಯಾವುದೂ ಇಲ್ಲ. ಹೆಡ್ ಕಾನ್‌ಸ್ಟೇಬಲ್ ಆ ಹೆಂಗಸಿಗೆ ಫೋನ್ ಮಾಡಿ ವರದಿಯನ್ನೂ, ಚಾಲಕ ಸೂಜಿ ಬಚ್ಚಿಟ್ಟ ಕಾರಣವನ್ನೂ ತಿಳಿಸಿದಳು. ಆಕೆ ಕೇಳಿದಳು, "ಇಷ್ಟಕ್ಕೆ ಇಷ್ಟು ದಿನ ನನ್ನ ಜೀವ ಹಿಂಡಿದನಾ ಮೇಡಂ?"

ಚಾಲಕನ ಹೇಳಿಕೆ ಒಂದೂವರೆ ಪುಟವಿತ್ತು. ಇನ್ಸುಲಿನ್ ಶುರುವಾದವರಿಗೆ ಡಿಪೋದಲ್ಲಿ ಸ್ಟಿಯರಿಂಗ್ ಕೊಡುವುದಿಲ್ಲ. ಹೋದ ವರ್ಷ ಅವನ ಜೊತೆಗಾರನೊಬ್ಬನನ್ನು ಬಸ್ ತೊಳೆಯಲು ಹಾಕಿದ್ದರು. ಒಂದು ಬೆಳಿಗ್ಗೆ ಪೈಪು ಹಿಡಿದು ನಿಂತಿದ್ದ ಆತ ಇವನನ್ನು ಕಂಡು ಕೈ ಎತ್ತಿದ್ದ. ತಾನು ಕಂಡೂ ಕಾಣದವನಂತೆ ಗಾಡಿ ಹೊರಡಿಸಿದೆ ಎಂದು ಚಾಲಕ ಹೇಳಿದ.

ಪ್ರಕರಣಕ್ಕೆ ಅದರ ಅಗತ್ಯವಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು.